ಜೀವಿಗಳ ನಂಟು

ನಾನು ಕನ್ನಡ ಪಾಠ ಹೇಳುವವನು. ನನ್ನಂಥವನು ಜೀವಶಾಸ್ತ್ರದ ಮಾತೆತ್ತಿದರೆ ವಿಜ್ಞಾನದವರು ನಗುತ್ತಾರೆ, ಸಾಹಿತ್ಯದವರು ಹುಬ್ಬೇರಿಸುತ್ತಾರೆ. ಹಾಗಿದ್ದೂ ಈ ನಾಲ್ಕು ಮಾತು ಬರೆಯಲು ಹೊರಟಿರುವುದಕ್ಕೆ ಒಬ್ಬ ಹುಡುಗ ಕೇಳಿದ ಪ್ರಶ್ನೆಯೇ ಕಾರಣ. ಅವನಿಗೆ ಕೊಡತಕ್ಕ ಉತ್ತರ ಅಂದು ನನ್ನಲ್ಲಿರಲಿಲ್ಲ. ಇಂದು ಇದೆಯೆಂದು ಹೇಳುವ ಧೈರ್ಯವೂ ಇಲ್ಲ. ಆದರೆ ಆ ಪ್ರಶ್ನೆಯನ್ನು ನಾವಿಬ್ಬರೂ ಎಲ್ಲಿ ತಪ್ಪಾಗಿ ಹಿಡಿದುಕೊಂಡಿದ್ದೆವೆಂಬುದು ಈಗ ಸ್ವಲ್ಪ ತಿಳಿದಂತಿದೆ.

ನಾನಿರುವುದು ಚಳ್ಳಕೆರೆಯಲ್ಲಿ. ಕಡಲೆಕಾಯಿ ಎಣ್ಣೆಯ ಗಿರಣಿಗಳಿಗೂ ಕುರಿಯ ಉಣ್ಣೆಯ ಕಂಬಳಿಗೂ ಹೆಸರಾದ ಊರು. ರಾಜ್ಯದಲ್ಲಿ ಅತ್ಯಂತ ಕಡಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು. ಸಮೀಪದ ಕುದಾಪುರದ ಬಯಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಸುಮಾರು ೧೫೦೦ ಎಕರೆಯಲ್ಲಿ ತಮ್ಮ ಎರಡನೆಯ ಆವರಣವನ್ನು ಕಟ್ಟಿದ್ದಾರೆ. ಹಿಂದೆ ಅದು ಅಮೃತಮಹಲ್ ದನಗಳ ಕಾವಲು. ಹುಲ್ಲುಗಾವಲು ಕೈಬಿಟ್ಟುಹೋಯಿತೆಂಬ ಸುತ್ತಲ ಹಳ್ಳಿಗಳ ಸಂಕಟ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಅದು ಬೇರೆಯೇ ಒಂದು ಕತೆ. ಅಲ್ಲಿ ವಿಜ್ಞಾನದ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ನಮ್ಮ ಕಾಲೇಜಿನ ಜೀವಶಾಸ್ತ್ರದ ಮಿತ್ರರು ಹೋಗಿಬಂದ ಮೇಲೆ ಅವರಿಗೆ ಹೊಸ ಹುರುಪು. ಒಂದು ದಿನ ಅಂತರಜಾಲದ ಭಂಡಾರದಿಂದ ಇಳಿಸಿ ಅಚ್ಚುಹಾಕಿಸಿದ ಉದ್ದನೆಯ ಹಾಳೆಯೊಂದನ್ನು ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಹಾಸಿ, "ಮೇಷ್ಟ್ರೇ, ನೀವು ಪಾಠಾಂತರ ಪಾಠಾಂತರ ಎನ್ನುತ್ತೀರಲ್ಲ, ಇಗೋ ಇದನ್ನು ನೋಡಿ" ಎಂದರು.

ಹಾಳೆಯ ತುಂಬ ಅಕ್ಷರಗಳು. ಒಂದು ಸಾಲು ಮನುಷ್ಯನದು, ಅದರ ಕೆಳಗೆ ಕುರಿಯದು, ಇಲಿಯದು, ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿನದು, ಕಟ್ಟಕಡೆಗೆ ನಮ್ಮ ಕರುಳಿನಲ್ಲಿ ವಾಸಮಾಡುವ ಒಂದು ಬ್ಯಾಕ್ಟೀರಿಯದ್ದು. ಇವೆಲ್ಲ ರೈಬೋಸೋಮಿನ ಒಂದು ಪ್ರೋಟೀನಿನ ಪಾಠಗಳಂತೆ.

ರೈಬೋಸೋಮೆಂದರೇನೆಂದು ನಾನು ಕೇಳಿದೆ. ಅವರು ಕೊಟ್ಟ ವಿವರಣೆಯನ್ನು ನನಗೆ ಬೇಕಾದಂತೆ ಬದಲಿಸಿಕೊಂಡು ಹೇಳುತ್ತೇನೆ. ಮೊಳಕಾಲ್ಮುರಿನಲ್ಲಿ ರೇಷ್ಮೆಸೀರೆಯ ಮಗ್ಗ ನೋಡಿದವರಿಗೆ ಇದು ಸುಲಭ. ಮಗ್ಗದ ಮೇಲುಗಡೆ ತೂತು ಕೊರೆದ ರಟ್ಟುಗಳ ಸರ ತಿರುಗುತ್ತದೆ. ತೂತಿನ ಕ್ರಮದಂತೆ ನೂಲು ಏಳುತ್ತದೆ, ಇಳಿಯುತ್ತದೆ. ಕೆಳಗೆ ಅಂಚಿನ ಹೂವು ಮೂಡುತ್ತದೆ. ಜೀವಕೋಶದೊಳಗಣ ಇಂಥ ಮಗ್ಗವೇ ರೈಬೋಸೋಮು. ತಂದೆತಾಯಿಗಳಿಂದ ಬಂದ ಬರೆಹದ ನಕಲು ಅದಕ್ಕೆ ರಟ್ಟು. ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ನೂಲು. ನೆಯ್ದು ಹೊರಬರುವುದು ಪ್ರೋಟೀನು. ರಕ್ತ, ಮಾಂಸ, ಕೂದಲು, ಹಾಲು ಯಾವುದೂ ಈ ನೇಯ್ಗೆಯಿಲ್ಲದೆ ಆಗದು. ಮಗ್ಗದ ಕಟ್ಟು ಆರ್‌ಎನ್‌ಎ ಎಂಬ ವಸ್ತುವಿನದು; ಅದರ ಸುತ್ತ ಪ್ರೋಟೀನುಗಳ ಬಿಗಿ. ಬ್ಯಾಕ್ಟೀರಿಯದ ರೈಬೋಸೋಮಿನಲ್ಲಿ ಇಂಥ ಪ್ರೋಟೀನುಗಳು ಸುಮಾರು ೫೪, ಮನುಷ್ಯನದರಲ್ಲಿ ೮೦. ಇನ್ನೊಂದು ಸೋಜಿಗವುಂಟು. ಈ ಪ್ರೋಟೀನುಗಳನ್ನು ನೆಯ್ಯುವುದೂ ರೈಬೋಸೋಮೇ. ಮಗ್ಗದ ಹಲಗೆ ಹಣಿಗೆಗಳನ್ನೆಲ್ಲ ಮಗ್ಗವೇ ನೆಯ್ದುಕೊಂಡಂತೆ! ಮೊದಲ ಮಗ್ಗ ಎಲ್ಲಿಂದ ಬಂತೆಂದು ನಾನು ಕೇಳಿದೆ. ಮಿತ್ರರು, "ಅದನ್ನು ಕೇಳಬೇಡಿ, ಕಾಫಿ ಆರುತ್ತದೆ" ಎಂದರು.

ಹಾಳೆಯ ಮಧ್ಯಭಾಗದಲ್ಲಿ ಅವರು ಕೆಂಪು ಗೆರೆ ಎಳೆದಿದ್ದರು. ಪ್ರೋಲೀನ್, ಆಸ್ಪರಾಜೀನ್, ಸೆರೀನ್, ಅಲನೀನ್ ಎಂಬ ನಾಲ್ಕು ಅಮೈನೊ ಆಮ್ಲಗಳು ಅದೇ ಕ್ರಮದಲ್ಲಿ ಐದು ಸಾಲುಗಳಲ್ಲೂ ಒಂದರ ಕೆಳಗೊಂದು ನೇರವಾಗಿ ನಿಂತಿದ್ದವು. ಈ ಪ್ರೋಟೀನು ಬ್ಯಾಕ್ಟೀರಿಯದಲ್ಲಿ ೧೨೪ ಅಕ್ಷರದ್ದು, ನಮ್ಮಲ್ಲಿ ೧೪೩ ಅಕ್ಷರದ್ದು. ಆಚೆ ಈಚೆ ಬೇಕಾದಷ್ಟು ಬದಲಾಗಿದೆ. ಕೆಲವೆಡೆ ಅಕ್ಷರವೇ ಲೋಪವಾಗಿ ಅಡ್ಡಗೆರೆ ಹಾಕಿದ್ದಾರೆ, ಓಲೆಗರಿಯಲ್ಲಿ ಹುಳು ತಿಂದ ಜಾಗಕ್ಕೆ ನಾವು ಚುಕ್ಕಿ ಹಾಕುವಂತೆ. ಆದರೆ ಈ ನಾಲ್ಕಕ್ಷರ ಮಾತ್ರ ಮಿಸುಕಾಡಿಲ್ಲ. ಮನುಷ್ಯನ ಸಾಲಿಗೂ ಇಲಿಯ ಸಾಲಿಗೂ ಮೊದಲಿಂದ ಕೊನೆಯವರೆಗೆ ಒಂದಕ್ಷರದ ಭೇದವನ್ನೂ ನಾನು ಕಾಣಲಾರದೆ ಹೋದೆ. ರೈಬೋಸೋಮಿನ ಪ್ರೋಟೀನುಗಳನ್ನೆಲ್ಲ ಒಟ್ಟು ತೆಗೆದುಕೊಂಡರೂ ಇಲಿಗೂ ನಮಗೂ ನೂರಕ್ಕೆ ತೊಂಬತ್ತೊಂಬತ್ತರಷ್ಟು ಹೊಂದಿಕೆ. ಯೀಸ್ಟಿಗೂ ನಮಗೂ ಅರುವತ್ತರ ಆಸುಪಾಸು.

ಇದನ್ನು ನೋಡಿ ನನಗೆ ಎಂ.ಎ. ತರಗತಿಯ ದಿನಗಳು ನೆನಪಾದವು. ೧೯೬೪ರಲ್ಲಿ ಪ್ರಕಟವಾದ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಓದಿದವರಿಗೆಲ್ಲ ತಿಳಿದಿರುವ ಸಂಗತಿಯೊಂದಿದೆ. ನಾಲ್ಕು ಓಲೆಪ್ರತಿಗಳು ದೊರೆತು, ಎರಡರಲ್ಲಿ ಒಂದೇ ಪದ್ಯದ ಒಂದೇ ಜಾಗದಲ್ಲಿ ಒಂದೇ ತಪ್ಪು ಕಂಡುಬಂದರೆ ಅವೆರಡಕ್ಕೂ ಒಂದೇ ಮಾತೃಕೆಯಿರಬೇಕೆಂದು ಊಹಿಸುತ್ತೇವೆ. ಸರಿಯಾದ ಪಾಠ ಯಾರ ಬಳಿಯಾದರೂ ಇರಬಹುದು, ತಪ್ಪು ಮಾತ್ರ ಮನೆತನದ ಗುರುತು. ಜೀವಿಗಳ ವಂಶವೃಕ್ಷ ಬರೆಯುವವರ ತರ್ಕವೂ ಇದೇ. ಇಬ್ಬರು ಲಿಪಿಕಾರರು ಬೇರೆ ಬೇರೆಯಾಗಿ ಒಂದೇ ಕೈತಪ್ಪು ಮಾಡುವುದೂ ಉಂಟು. ಆ ಅಪಾಯ ಅವರಿಗೂ ಇದೆಯಂತೆ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ. ಲಿಪಿಕಾರ ತಪ್ಪು ಬರೆದರೆ ಓಲೆ ಸಾಯುವುದಿಲ್ಲ. ಇಲ್ಲಿ ಮುಖ್ಯವಾದೆಡೆ ತಪ್ಪು ಬಿದ್ದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಜೀವಿಯಿಲ್ಲ, ಜೀವಿಯಿಲ್ಲದ ಮೇಲೆ ನಕಲೂ ಇಲ್ಲ. ಆದುದರಿಂದ ನಮ್ಮ ಕಣ್ಣಿಗೆ ಬೀಳುವುದು ಬದುಕಿಗೆ ಅಡ್ಡಬಾರದ ಪಾಠಾಂತರಗಳು ಮಾತ್ರ. ರೈಬೋಸೋಮಿನ ಬರೆಹ ಇಷ್ಟು ನಿಧಾನವಾಗಿ ಬದಲಾಗಿರುವುದಕ್ಕೆ ಇದೇ ಕಾರಣ. ಬಲುದೂರದ ನಂಟನ್ನು ಹುಡುಕುವವರು ಇದಕ್ಕೇ ಕೈಹಾಕುವುದಕ್ಕೂ ಇದೇ ಕಾರಣ. ೧೯೭೭ರಲ್ಲಿ ಕಾರ್ಲ್ ವೋಸ್ ಎಂಬ ಅಮೆರಿಕದ ವಿಜ್ಞಾನಿ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿ, ಬ್ಯಾಕ್ಟೀರಿಯವೆಂದು ಎಲ್ಲರೂ ತಿಳಿದಿದ್ದ ಕೆಲವು ಸೂಕ್ಷ್ಮಜೀವಿಗಳು ಬೇರೆಯೇ ಒಂದು ಕವಲೆಂದು ತೋರಿಸಿಕೊಟ್ಟರು. ೨೦೧೬ರಲ್ಲಿ ಹದಿನಾರು ರೈಬೋಸೋಮ್ ಪ್ರೋಟೀನುಗಳ ಸಾಲುಗಳನ್ನು ಮೂರು ಸಾವಿರಕ್ಕೂ ಹೆಚ್ಚು ಜೀವಿಗಳಿಂದ ತೆಗೆದು ಜೋಡಿಸಿ ಇಡೀ ಜೀವಲೋಕದ ವೃಕ್ಷವೊಂದನ್ನು ಬರೆದರು. ಅದರಲ್ಲಿ ಮನುಷ್ಯ, ಆನೆ, ಆಲದ ಮರ, ಅಣಬೆ ಎಲ್ಲವೂ ಸೇರಿ ಮೂಲೆಯ ಒಂದು ಕೊಂಬೆ. ಉಳಿದ ಮರವೆಲ್ಲ ಕಣ್ಣಿಗೆ ಕಾಣದವರದು.

ಹೆಸರಿನ ತಮಾಷೆಯನ್ನೂ ಹೇಳಿಬಿಡುತ್ತೇನೆ. ಬಹುಕಾಲ ಬ್ಯಾಕ್ಟೀರಿಯದವರೂ ಯೀಸ್ಟಿನವರೂ ಪ್ರಾಣಿಗಳವರೂ ತಮ್ಮ ತಮ್ಮ ಪ್ರೋಟೀನುಗಳಿಗೆ ಬೇರೆ ಬೇರೆಯಾಗಿ ಸಂಖ್ಯೆ ಕೊಟ್ಟುಕೊಂಡಿದ್ದರು. ನಾನು ಮೇಲೆ ಹೇಳಿದ ಪ್ರೋಟೀನು ಬ್ಯಾಕ್ಟೀರಿಯದವರಿಗೆ ಹನ್ನೆರಡನೆಯದು, ಮನುಷ್ಯನ ಲೆಕ್ಕದಲ್ಲಿ ಇಪ್ಪತ್ತಮೂರನೆಯದು. ೨೦೧೪ರಲ್ಲಿ ಎಲ್ಲರೂ ಒಪ್ಪುವಂಥ ಹೆಸರಿನ ಪದ್ಧತಿಯೊಂದನ್ನು ಮಾಡಿಕೊಂಡರು. ಎಲ್ಲ ಜೀವಿಗಳಲ್ಲೂ ಇರುವ ಸುಮಾರು ೩೪ ಪ್ರೋಟೀನುಗಳಿಗೆ ಸಾರ್ವತ್ರಿಕವೆಂಬ ಅರ್ಥದ ಅಕ್ಷರವನ್ನು ಮೊದಲಿಗೆ ಸೇರಿಸಿದರು. ಹಂಚಿಹೋದ ಅಣ್ಣತಮ್ಮಂದಿರು ಮನೆಯ ಹೆಸರನ್ನು ಮತ್ತೆ ಬರೆದುಕೊಂಡಂತೆ.

ಇಷ್ಟನ್ನು ನಾನು ಮರುದಿನ ನನ್ನ ತರಗತಿಯಲ್ಲಿ ಉತ್ಸಾಹದಿಂದ ಹೇಳಿದೆ. ಪಾಠಾಂತರ ಎಂದರೇನೆಂದು ವಿವರಿಸಲು ಒಳ್ಳೆಯ ದೃಷ್ಟಾಂತ ಸಿಕ್ಕಿತಲ್ಲ ಎಂಬ ಸಂತೋಷ. ಮಾತಿನ ಭರದಲ್ಲಿ, ಕುರಿಯೂ ನಾವೂ ಒಂದೇ ಮಾತೃಕೆಯ ಎರಡು ಪ್ರತಿಗಳೆಂದುಬಿಟ್ಟೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದುನಿಂತ. ಕುರಿ ಸಾಕುವ ಮನೆಯವನು. ರಜೆಯಲ್ಲಿ ತಂದೆಯ ಜೊತೆ ಮಂದೆಯ ಹಿಂದೆ ಹೋಗುತ್ತಾನೆ.

"ಹಂಗಾದ್ರೆ ಸಾರ್, ನಾವು ಕುರಿ ಕೊಯ್ಯೋರಿಗೆ ಮಾರೋದು ತಪ್ಪಾ?"

ತರಗತಿ ನಕ್ಕಿತು. ಅವನು ನಗಲಿಲ್ಲ. ಅವನ ಕಾಲೇಜಿನ ಶುಲ್ಕ ಬರುವುದು ಆ ಮಾರಾಟದಿಂದಲೇ. ನಾನು ಗಂಟೆಯ ಕಡೆ ನೋಡಿ, "ಆಮೇಲೆ ಮಾತಾಡೋಣಪ್ಪ" ಎಂದೆ. ಅಧ್ಯಾಪಕರು ಹೇಳುವ ಸುಳ್ಳುಗಳಲ್ಲಿ ಇದು ಬಹಳ ಹಳೆಯದು.

ಆ ಹುಡುಗನ ಪ್ರಶ್ನೆ ನನ್ನ ಮಾತಿನಿಂದಲೇ ಹುಟ್ಟಿದ್ದು. ಹೋಲಿಕೆಯಿದ್ದರೆ ನಂಟು, ನಂಟಿದ್ದರೆ ಕೊಲ್ಲಬಾರದು ಎಂಬುದು ಅದರ ತರ್ಕ. ನಮ್ಮ ಸೀಮೆಯಲ್ಲಿ ಇದು ಸಹಜವಾದ ತರ್ಕವೇ. ಇಲ್ಲಿ ಹಲವು ಸಮುದಾಯಗಳವರು ಹೊಸಬನನ್ನು ಕಂಡರೆ ಬೆಡಗು ಕೇಳುತ್ತಾರೆ. ಬೆಡಗು ಒಂದೇ ಆದರೆ ಅಣ್ಣತಮ್ಮ, ಹೆಣ್ಣು ಕೊಟ್ಟು ತರುವಂತಿಲ್ಲ. ನಂಟು ತಿಳಿಯಿತೆಂದರೆ ಅದರ ಹಿಂದೆಯೇ ಒಂದು ಕಟ್ಟುಪಾಡೂ ತಿಳಿಯುತ್ತದೆ. ಆದರೆ ಇದೇ ಸೀಮೆಯ ಮ್ಯಾಸಬೇಡರನ್ನು ನೋಡಿ. ಅವರ ಹಟ್ಟಿಗಳಲ್ಲಿ ದೇವರ ಎತ್ತುಗಳ ಮಂದೆಯಿರುತ್ತದೆ. ಅವನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ, ನೋಡಿಕೊಳ್ಳಲು ಕಿಲಾರಿಯಿರುತ್ತಾನೆ, ಸತ್ತರೆ ಮಣ್ಣು ಮಾಡುತ್ತಾರೆ. ಬೇಟೆಯನ್ನು ಕಸುಬಾಗಿ ಉಳ್ಳ ಜನ, ಕುರಿಯ ಮಾಂಸ ತಿನ್ನುವ ಜನ, ಕೋಳಿಯನ್ನು ಮಾತ್ರ ಮುಟ್ಟಬಾರದೆಂಬುದು ಅವರ ಸಂಪ್ರದಾಯ. ಎತ್ತು, ಕುರಿ, ಕೋಳಿಗಳ ಸಾಲುಗಳನ್ನು ನನ್ನ ಮಿತ್ರರ ಹಾಳೆಯಲ್ಲಿ ಸೇರಿಸಿದರೆ ಈ ಮೂರು ಬಗೆಯ ನಡೆವಳಿಕೆಗೆ ಅಲ್ಲಿ ಎಳ್ಳಷ್ಟೂ ಆಧಾರ ಸಿಕ್ಕುವುದಿಲ್ಲ. ಇಲ್ಲಿ ಕಟ್ಟುಪಾಡು ಹುಟ್ಟಿದ್ದು ಹೋಲಿಕೆಯಿಂದಲ್ಲ. ಯಾರೊಡನೆ ಹೇಗೆ ಬಾಳಿದೆವು, ಯಾರಿಗೆ ಏನು ಮಾತು ಕೊಟ್ಟೆವು ಎಂಬುದರಿಂದ.

ಇನ್ನೂ ಒಂದು ತೊಡಕಿದೆ. ಆ ನಾಲ್ಕಕ್ಷರ ಕುರಿಯಲ್ಲಿ ಮಾತ್ರವಲ್ಲ, ಚಳ್ಳಕೆರೆಯ ಗಿರಣಿಗೆ ಬಂದು ಬೀಳುವ ಕಡಲೆಕಾಯಿಯ ಗಿಡದಲ್ಲೂ ಇದೆ. ಹೋಲಿಕೆಯೇ ದಯೆಗೆ ಆಧಾರವಾದರೆ ಎಣ್ಣೆಯನ್ನೂ ಬಿಡಬೇಕು, ಅನ್ನವನ್ನೂ ಬಿಡಬೇಕು. ಅಷ್ಟೆಲ್ಲ ಬಿಟ್ಟವನು ನಾಲ್ಕು ದಿನ ಬದುಕಿಯಾನು! ಹಾಗಲ್ಲ, ಹೆಚ್ಚು ಹೋಲುವವರಿಗೆ ಹೆಚ್ಚು ದಯೆ, ಕಡಮೆ ಹೋಲುವವರಿಗೆ ಕಡಮೆ ಎನ್ನೋಣವೇ? ಅದು ಇನ್ನೂ ಕೆಟ್ಟದ್ದು. ದಯೆಯನ್ನು ಶೇಕಡಾವಾರು ಹಂಚುವುದು ಮನುಷ್ಯರ ನಡುವೆ ನಮಗೆ ಮೊದಲೇ ಚೆನ್ನಾಗಿ ಅಭ್ಯಾಸವಾಗಿರುವ ವಿದ್ಯೆ. ಅದಕ್ಕೆ ವಿಜ್ಞಾನದ ತಕ್ಕಡಿಯನ್ನೂ ತಂದುಕೊಡಬೇಕಾಗಿಲ್ಲ.

ಮನುಷ್ಯರ ಮಾತು ಬಂತಲ್ಲ. ನಾನು ಹುಡುಗನಾಗಿದ್ದಾಗ ನಮ್ಮ ಕಡೆಯ ಒಂದು ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಎರಡು ಲೋಟಗಳನ್ನು ಬೇರೆ ಇಟ್ಟಿರುತ್ತಿದ್ದರು. ಅವು ಯಾರಿಗೆಂದು ಯಾರೂ ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಆ ಲೋಟದಲ್ಲಿ ಕುಡಿಯುತ್ತಿದ್ದವನೂ ಒಳಗೆ ಕುಳಿತು ಕುಡಿಯುತ್ತಿದ್ದ ನಮ್ಮ ತಂದೆಯೂ ಮನುಷ್ಯರೇ ಎಂಬ ವಿಷಯದಲ್ಲಿ ಹೋಟೆಲಿನವನಿಗೆ ಸಂಶಯವಿತ್ತೆ? ಖಂಡಿತ ಇರಲಿಲ್ಲ. ಒಂದೇ ಎಂದು ತಿಳಿದೇ ಬೇರೆ ಲೋಟ ಇಟ್ಟಿದ್ದನು. ಇನ್ನು ರೈಬೋಸೋಮಿನಲ್ಲೂ ಒಂದೇ ಎಂದು ಅವನಿಗೆ ಹಾಳೆ ಬಿಚ್ಚಿ ತೋರಿಸಿದ್ದರೆ ಲೋಟ ಒಳಗೆ ಬರುತ್ತಿತ್ತೆಂದು ನನಗೆ ನಂಬಿಕೆಯಿಲ್ಲ. ಹೋಲಿಕೆಯ ತಿಳಿವಳಿಕೆ ತಾನಾಗಿಯೇ ಮನಸ್ಸನ್ನು ಕರಗಿಸುತ್ತದೆಂಬುದು ಓದಿದವರ ಭ್ರಮೆ. ನನಗೂ ಆ ಭ್ರಮೆ ಇತ್ತೆಂದು ತರಗತಿಯ ನನ್ನ ಉತ್ಸಾಹವೇ ಸಾಕ್ಷಿ ಹೇಳುತ್ತದೆ.

ಹಾಗಾದರೆ ಹೋಲಿಕೆ ಬರಿಯ ಕುತೂಹಲದ ವಸ್ತುವೋ? ಅಲ್ಲವೆಂದು ನಾನು ಬಲ್ಲೆ, ನಮ್ಮ ಮನೆಯಲ್ಲಿಯೇ ಬಲ್ಲೆ. ನನ್ನ ಸೋದರತ್ತೆಯನ್ನು ಮೊಳಕಾಲ್ಮುರಿಗೆ ಕೊಟ್ಟಿತ್ತು. ಸೀರೆ ನೆಯ್ಯುವ ಮನೆ. ೧೯೮೦ರ ದಶಕದಲ್ಲಿ ಅತ್ತೆಗೆ ಕ್ಷಯ ತಗುಲಿತು. ಆ ಕಾಲದಲ್ಲಿ ಸ್ಟ್ರೆಪ್ಟೊಮೈಸಿನ್ ಸೂಜಿ ಚುಚ್ಚುತ್ತಿದ್ದರು. ೧೯೪೪ರಲ್ಲಿ ಲೋಕಕ್ಕೆ ತಿಳಿದುಬಂದ ಮದ್ದು, ಎಷ್ಟೋ ಮನೆಗಳ ದೀಪವನ್ನು ಉಳಿಸಿದ ಮದ್ದು. ಅತ್ತೆಯೂ ಉಳಿದರು. ಆದರೆ ಚಿಕಿತ್ಸೆ ಮುಗಿಯುವ ಹೊತ್ತಿಗೆ ಕಿವಿ ಹೋಗಿತ್ತು. ಹಗಲೆಲ್ಲ ಮಗ್ಗ ಬಡಿಯುವ ಮನೆಯಲ್ಲಿ ಅವರಿಗೆ ಮಗ್ಗದ ಸದ್ದು ಕೇಳಿಸದಾಯಿತು. ನಾವು ಹೋದಾಗ ಮಾವ ಲಾಳಿಯನ್ನು ನಿಲ್ಲಿಸಿ ನಮ್ಮನ್ನು ಮಾತಾಡಿಸುವರು. ಸದ್ದು ನಿಂತದ್ದು ತಿಳಿಯದೆ ಅತ್ತೆ ಮೊದಲಿನಂತೆಯೇ ಕೂಗಿ ಮಾತಾಡುವರು. ಮಕ್ಕಳಾದ ನಾವು ನಗುತ್ತಿದ್ದೆವು.

ಈ ಸಂಗತಿಯನ್ನು ಮಿತ್ರರಿಗೆ ಹೇಳಿದಾಗ ಅವರು ತಮ್ಮ ಹಾಳೆಯನ್ನೇ ಮತ್ತೆ ಬಿಚ್ಚಿದರು. ಆ ಮದ್ದು ಮಾಡುವುದು ಕ್ಷಯದ ಬ್ಯಾಕ್ಟೀರಿಯದ ರೈಬೋಸೋಮಿಗೆ ಅಂಟಿಕೊಂಡು ನೇಯ್ಗೆಯನ್ನು ಕೆಡಿಸುವ ಕೆಲಸ. ನಾನು ಹೇಳಿದ ನಾಲ್ಕಕ್ಷರದ ತೀರ ಪಕ್ಕದಲ್ಲಿ, ಆ ಬ್ಯಾಕ್ಟೀರಿಯದ ೪೩ನೆಯ ಸ್ಥಾನದಲ್ಲಿ, ಲೈಸೀನ್ ಹೋಗಿ ಆರ್ಜಿನೀನ್ ಬಂದರೆ ಮದ್ದು ನಾಟುವುದಿಲ್ಲ. ಒಂದಕ್ಷರದ ಪಾಠಾಂತರ, ಅಷ್ಟಕ್ಕೆ ರೋಗಿ ಸಾಯಬಹುದು. ನಮ್ಮ ರೈಬೋಸೋಮು ಮದ್ದಿನಿಂದ ಪಾರಾಗುವುದು ಅದರ ಆರ್‌ಎನ್‌ಎಯ ಬರೆಹ ಬೇರೆಯಾಗಿರುವುದರಿಂದ. ಆದರೆ ನಮ್ಮ ಜೀವಕೋಶಗಳೊಳಗೆ ಮೈಟೊಕಾಂಡ್ರಿಯವೆಂಬ ಕಣಗಳುಂಟು. ಅವು ಬಹು ಹಿಂದೆ ಬ್ಯಾಕ್ಟೀರಿಯಗಳೇ ಆಗಿದ್ದು ಒಳಗೆ ಬಂದು ನೆಲಸಿದವು. ಅವುಗಳ ರೈಬೋಸೋಮಿಗೆ ಇಂದಿಗೂ ತವರಿನ ಚಹರೆ ಇದೆ. ಕೆಲವು ಕುಟುಂಬಗಳಲ್ಲಿ ತಾಯಿಯಿಂದ ಬರುವ ಒಂದಕ್ಷರದ ಬದಲಾವಣೆಯಿಂದ ಆ ಚಹರೆ ಇನ್ನೂ ಹೆಚ್ಚಾಗಿ, ಅಂಥವರ ಕಿವಿಯನ್ನು ಈ ಜಾತಿಯ ಮದ್ದು ಬೇಗ ತಿಂದುಬಿಡುತ್ತದೆ. ಹಾಗಿಲ್ಲದವರಿಗೂ ಕಿವಿಯ ಅಪಾಯ ಇದ್ದದ್ದೇ. ಅತ್ತೆಯದು ಯಾವ ಬಗೆಯೆಂದು ಈಗ ಹೇಳುವಂತಿಲ್ಲ. ನನ್ನನ್ನು ಹಿಡಿದುನಿಲ್ಲಿಸಿದ್ದು ಬೇರೆ ವಿಷಯ. ಅತ್ತೆಯ ಪ್ರಾಣ ಉಳಿದದ್ದು ನಾವು ಬ್ಯಾಕ್ಟೀರಿಯವನ್ನು ಹೋಲದೆ ಇರುವುದರಿಂದ. ಕಿವಿ ಹೋದದ್ದು ಎಲ್ಲೋ ಒಂದೆಡೆ ಹೋಲುವುದರಿಂದ. ಕೊಲ್ಲುವುದಕ್ಕೂ ಕಾಯುವುದಕ್ಕೂ ಹೋಲಿಕೆಯ ಲೆಕ್ಕ ಬೇಕು. ಆದರೆ ಯಾರನ್ನು ಕೊಲ್ಲಬೇಕು, ಯಾರನ್ನು ಕಾಯಬೇಕು ಎಂಬುದನ್ನು ಆ ಲೆಕ್ಕ ಹೇಳಲಿಲ್ಲ. ಕ್ಷಯದ ಬ್ಯಾಕ್ಟೀರಿಯ ದೂರದ ನಂಟನೆಂದು ತಿಳಿದಿದ್ದರೂ ನಾನು ಅತ್ತೆಗೆ ಆ ಸೂಜಿಯನ್ನೇ ಹಾಕಿಸುತ್ತಿದ್ದೆ.

ಹುಡುಗನಿಗೆ ಕೊಟ್ಟ 'ಆಮೇಲೆ' ಬಂದದ್ದು ಎರಡು ತಿಂಗಳ ನಂತರ, ಬ್ರಹ್ಮಗಿರಿಯಲ್ಲಿ. ಪ್ರತಿವರ್ಷ ನಾನು ವಿದ್ಯಾರ್ಥಿಗಳನ್ನು ಮೊಳಕಾಲ್ಮುರು ತಾಲ್ಲೂಕಿನ ಅಶೋಕನ ಶಾಸನಗಳಿಗೆ ಕರೆದೊಯ್ಯುತ್ತೇನೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಒಂದಕ್ಕೊಂದು ಹತ್ತಿರವಿರುವ ಈ ಮೂರು ಕಡೆ ಬಂಡೆಗಳ ಮೇಲೆ ಒಂದೇ ಶಾಸನದ ಮೂರು ಪ್ರತಿಗಳಿವೆ. ೧೮೯೨ರಲ್ಲಿ ಬಿ.ಎಲ್. ರೈಸ್ ಅವುಗಳನ್ನು ಲೋಕಕ್ಕೆ ತಿಳಿಯಪಡಿಸಿದರು. ಬ್ರಹ್ಮಗಿರಿಯ ಬಂಡೆಗೆ ಊರವರು ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಬರೆದದ್ದೇನೆಂದು ತಿಳಿಯದು, ಬರೆದದ್ದೆಂದು ತಿಳಿದಿತ್ತು. ಜಟಿಂಗ ರಾಮೇಶ್ವರದ ಪ್ರತಿ ಬಹಳ ಸವೆದುಹೋಗಿದೆ. ಅಲ್ಲಿ ಅಳಿಸಿದ್ದನ್ನು ಉಳಿದೆರಡರ ಸಹಾಯದಿಂದ ಓದಿಕೊಳ್ಳಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು!

ಬಂಡೆಯ ಬಳಿ ನಿಂತು ಶಾಸನದ ಕೊನೆಯ ಭಾಗದ ತಾತ್ಪರ್ಯವನ್ನು ಹೇಳಿದೆ. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ದೃಢವಾಗಿರಬೇಕು, ಸತ್ಯವನ್ನಾಡಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ನಂಟರಿಷ್ಟರಲ್ಲಿ ತಕ್ಕಂತೆ ನಡೆದುಕೊಳ್ಳಬೇಕು ಎಂದು ಅಲ್ಲಿ ವಿಧಿಸಿದೆ. ಇಪ್ಪತ್ತು ವರ್ಷದಿಂದ ಇದನ್ನು ಹೇಳುತ್ತ ಬಂದಿದ್ದೇನೆ. ಗುರುವಿನ ಮಾತು ಬಂದಾಗ ಸ್ವಲ್ಪ ಒತ್ತಿ ಹೇಳುವುದೂ ಉಂಟು.

ಹುಡುಗ ಬಂಡೆಯನ್ನು ನೋಡುತ್ತಲೇ ಕೇಳಿದ: "ಸಾರ್, ನಂಟರನ್ನ ಬ್ಯಾರೆ ಹೇಳ್ಯಾನೆ, ಪ್ರಾಣಿಗಳನ್ನ ಬ್ಯಾರೆ ಹೇಳ್ಯಾನೆ ಅಲ್ವಾ?"

ಇಪ್ಪತ್ತು ವರ್ಷ ನನ್ನ ಕಣ್ಣಿಗೆ ಬೀಳದಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ನಂಟರಿಗೆ ತಕ್ಕ ನಡೆವಳಿಕೆ ಒಂದು ಸಾಲು, ಪ್ರಾಣಿಗಳಲ್ಲಿ ದಯೆ ಇನ್ನೊಂದು ಸಾಲು. ಪ್ರಾಣಿಗಳು ನಮ್ಮ ನಂಟರು, ಆದಕಾರಣ ದಯೆ ತೋರಿ ಎಂದು ಆ ಬಂಡೆ ಹೇಳುವುದಿಲ್ಲ. ದಯೆಗೆ ಅಲ್ಲಿ ಕಾರಣವನ್ನೇ ಕೊಟ್ಟಿಲ್ಲ. ನಂಟಿಲ್ಲದ ಕಡೆಯೂ ಸಲ್ಲಬೇಕಾದದ್ದಕ್ಕೆ ನಂಟನ್ನು ಕಾರಣ ಮಾಡಿದರೆ ನಂಟು ಮುಗಿದಲ್ಲಿ ಅದೂ ಮುಗಿಯುತ್ತದೆ. ಕುರಿಯನ್ನು ಕೊಯ್ಯುವಾಗ ಅದಕ್ಕೆ ನೋವಾಗುತ್ತದೆ. ಅದು ನಮ್ಮ ಅಕ್ಷರಗಳಿಗೆ ಒಂದೂ ಹೊಂದದ ಬೇರೆ ಲೋಕದ ಪ್ರಾಣಿಯಾಗಿದ್ದರೂ ಆ ನೋವು ನೋವೇ. ಯೀಸ್ಟಿಗೆ ನಮ್ಮ ಅಕ್ಷರಗಳಲ್ಲಿ ಅರುವತ್ತು ಪಾಲಿದ್ದರೂ ಅದು ನೊಂದೀತೆಂದು ಯಾರೂ ಹೇಳಿಲ್ಲ. ನಾನು ತರಗತಿಯಲ್ಲಿ ಹೋಲಿಕೆಯ ಹಾಳೆ ಹಿಡಿದು ದಯೆಗೆ ಪ್ರಮಾಣ ಒದಗಿಸಲು ಹೊರಟಿದ್ದೆ. ಅದು ಪ್ರಮಾಣ ಬೇಡುವ ವಸ್ತುವಾಗಿರಲಿಲ್ಲ.

ಅವನ ಮೊದಲಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಅಶೋಕನ ಇನ್ನೊಂದು ಶಾಸನದ ಸಂಗತಿಯನ್ನು ಅವನಿಗೆ ಹೇಳಿದೆ. ಹಿಂದೆ 'ತನ್ನ ಅಡಿಗೆಮನೆಯಲ್ಲಿ ಲೆಕ್ಕವಿಲ್ಲದಷ್ಟು ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಒಂದು ಜಿಂಕೆಯನ್ನು ಮಾತ್ರ ಕೊಲ್ಲುತ್ತಾರೆ, ಜಿಂಕೆಯೂ ದಿನಾ ಅಲ್ಲ, ಮುಂದೆ ಇವನ್ನೂ ಬಿಡಲಾಗುವುದು' ಎಂಬ ಅರ್ಥದ ಮಾತನ್ನು ದೊರೆ ಅಲ್ಲಿ ಕಲ್ಲಿನಲ್ಲಿ ಬರೆಸಿದ್ದಾನೆ. ಚಕ್ರವರ್ತಿಯೊಬ್ಬ ತನ್ನ ಮನೆಯ ತಪ್ಪಿನ ಲೆಕ್ಕವನ್ನು ಇಷ್ಟು ಖಚಿತವಾಗಿ ಕೊಟ್ಟಿರುವ ಉದಾಹರಣೆ ನನಗೆ ಬೇರೆ ತಿಳಿಯದು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮಪ್ಪ ಮರಿ ಹಾಲು ಕುಡಿಯಾ ಕುರೀನ ಕೊಯ್ಯೋರಿಗೆ ಕೊಡಲ್ಲ ಸಾರ್. ಎಷ್ಟು ರೊಕ್ಕ ಕೊಟ್ರೂ ಕೊಡಲ್ಲ" ಎಂದ.

"ಈ ವರ್ಷವೂ ಕೊಟ್ಟಿಲ್ಲವೇನಪ್ಪ?" ಎಂದೆ.

"ಈ ವರ್ಷ ಮಳೆ ಇಲ್ಲ, ಮೇವಿಲ್ಲ. ನಾಕು ಕುರಿ ಕೊಟ್ವಿ" ಎಂದು ಹೇಳಿ ಬೆಟ್ಟ ಇಳಿಯತೊಡಗಿದ. ಕೆಳಗೆ ಬಸ್ಸಿನವನು ಹಾರನ್ ಹಾಕುತ್ತಿದ್ದನು.